ಹಾಡುಹಗಲಿನ ಭಯ: ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’
1967ರಲ್ಲಿ ಪ್ರಕಟವಾದ ಜೋನ್ ಲಿಂಡ್ಸೆ ಅವರ ಈ ಕಾದಂಬರಿಯಲ್ಲಿ ಭೂತಪ್ರೇತಗಳಿಲ್ಲ. 1900ರ ಫೆಬ್ರುವರಿ 14ರಂದು ಆಸ್ಟ್ರೇಲಿಯಾದ ವಸತಿ ಶಾಲೆಯೊಂದರಿಂದ ವಿಹಾರಕ್ಕೆ ಹೊರಟ ಹುಡುಗಿಯರಲ್ಲಿ ಕೆಲವರು, ಜೊತೆಗೆ ಗಣಿತದ ಶಿಕ್ಷಕಿಯೂ, ಬಂಡೆಗಳ ನಡುವೆ ಕಾಣೆಯಾಗುತ್ತಾರೆ, ಅಷ್ಟೇ. ಗಡಿಯಾರಗಳು ಹನ್ನೆರಡಕ್ಕೆ ನಿಂತುಹೋಗುವ ಪುಟವನ್ನು ನಾನು ಮೇ ತಿಂಗಳ ಮಧ್ಯಾಹ್ನ, ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಕಮಾನಿನ ನೆರಳಲ್ಲಿ ಕುಳಿತು ಓದಿದೆ. ವಿದ್ಯಾರ್ಥಿಗಳು ತಂಗುತ್ತಿದ್ದ ಕೋಣೆಗಳು ಬರಿದಾಗಿರುವ ಅಲ್ಲಿ ಪಾರಿವಾಳವೊಂದು ರೆಕ್ಕೆ ಬಡಿದ ಸದ್ದಿಗೂ ಬೆಚ್ಚಿದೆನೆಂದು ಒಪ್ಪಿಕೊಳ್ಳಬೇಕು. ಕಾಣೆಯಾದವರಿಗಿಂತ ಉಳಿದವರ ಪಾಡೇ ಹೆಚ್ಚು ಭಯಾನಕ: ಪಾಲಕರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋಗತೊಡಗಿದಂತೆ ಮುಖ್ಯೋಪಾಧ್ಯಾಯಿನಿಯ ಕ್ರೌರ್ಯವೆಲ್ಲ ಅನಾಥೆ ಸಾರಾಳ ಮೇಲೆ ತಿರುಗುತ್ತದೆ. ನಡುವಿನ ಪೊಲೀಸ್ ವಿಚಾರಣೆ ತುಸು ಎಳೆದಂತಿದೆ. ಲೇಖಕಿಯ ಮರಣಾನಂತರ 1987ರಲ್ಲಿ ಹೊರಬಂದ, ರಹಸ್ಯವನ್ನು ಬಿಡಿಸಲು ಹೊರಡುವ ಕೊನೆಯ ಅಧ್ಯಾಯವನ್ನು ಮಾತ್ರ ಓದದಿರುವುದೇ ಲೇಸು.