ಬ್ರೇಕ್ ಹಾಕಿದ ಪಿಸ್ತೂಲು, ಬರಿಗಿವಿ, ಒಂದೇ ಒಂದು ಈಡು

ಮಗಳು ಲೋಟ ಹಿಡಿದು "ಸಾಕು" ಅಂದಳು. ನಾನು ನೀರು ಸುರಿಯುತ್ತಲೇ ಇದ್ದೆ. ಲೋಟ ತುಂಬಿ, ಅವಳ ಕೈ ತೋಯ್ದು, ನೀರು ನೆಲಕ್ಕೆ ಹರಿದ ಮೇಲೆ "ಅಪ್ಪಾ!" ಅಂತ ಕಿರುಚಿದಳು. ನನಗೆ ಕೇಳಿಸಿದ್ದು "ಹಾಕು" ಅಂತ.

ಸಕಾರ, ಶಕಾರಗಳು ನನ್ನ ಕಿವಿಯಿಂದ ಉದುರಿಹೋಗಿ ಈಗ 14 ತಿಂಗಳು. ಕಾರಣ ಒಂದು ಈಡು. ಎರಡಲ್ಲ, ಒಂದೇ.

ಪರವಾನಗಿ ಪಡೆದು ಕೈಬಂದೂಕಿನಲ್ಲಿ ಬೇಟೆಯಾಡುವವರು, ಅದರಲ್ಲೂ ನಳಿಗೆಯ ತುದಿಗೆ ಒದೆತ ತಗ್ಗಿಸುವ ಮಜಲ್ ಬ್ರೇಕ್ ಹಾಕಿಸಲೋ ಬೇಡವೋ ಎಂದು ತೂಗಿನೋಡುತ್ತಿರುವವರು, ಇದನ್ನು ಪೂರ್ತಿ ಓದಿ. ಬ್ರೇಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಾಡುತ್ತೇನೆಂದ ಕೆಲಸವನ್ನು ಅದು ಚಾಚೂ ತಪ್ಪದೆ ಮಾಡುತ್ತದೆ. ನಾನು ಮರುಳಾದದ್ದೂ ಅದಕ್ಕೇ.

ನನ್ನದು ಸಿಂಗಲ್ ಶಾಟ್ ಪಿಸ್ತೂಲು. ನಡು ಮುರಿದು ಒಂದೊಂದೇ ತೋಟಾ ತುಂಬುವಂಥದ್ದು. 15 ಇಂಚಿನ ನಳಿಗೆ, .308 ವಿಂಚೆಸ್ಟರ್ ಎಂಬ ರೈಫಲ್ ತೋಟಾ. ಅಂದರೆ ಆನೆಯ ಮೇವನ್ನು ಆಡಿಗೆ ತಿನ್ನಿಸಿದ ಹಾಗೆ. ರೈಫಲ್ಲಿನ ಉದ್ದ ನಳಿಗೆಯಲ್ಲಿ ಉರಿದು ಮುಗಿಯಬೇಕಾದ ಮದ್ದು ಇಲ್ಲಿ ಅರ್ಧ ದಾರಿಯಲ್ಲೇ ಬಾಯಿಗೆ ಬಂದುಬಿಡುತ್ತದೆ. ಗುಂಡು ನಳಿಗೆ ಬಿಡುವಾಗ ಹಿಂದಿನ ಅನಿಲದ ಒತ್ತಡ ಇನ್ನೂ ಜೋರಾಗಿಯೇ ಇರುತ್ತದೆ. ಒದೆತವೂ ಹಾಗೇ. ಹತ್ತು ಈಡು ಹೊಡೆದರೆ ಮಣಿಕಟ್ಟು ಮರುದಿನ ಬಾಗಿಲ ಚಿಲಕ ತೆಗೆಯಲೂ ಒಪ್ಪುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಬೆಚ್ಚುವ ಚಾಳಿ ಹತ್ತಿಕೊಂಡಿತ್ತು. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವುದು, ಕೈ ಕೆಳಗೆ ಅದುಮುವುದು. ಬೇಟೆಗೆ ಹೋಗುವವನಿಗೆ ಇದು ನಾಚಿಕೆಗೇಡು. ಪ್ರಾಣಿಗೆ ಎಲ್ಲೋ ತಾಗಿ ಅದು ನರಳುತ್ತಾ ಓಡಿಹೋಗುವುದು ಹೀಗೆಯೇ.

ಹಾಗಾಗಿ ತುದಿಗೆ ಥ್ರೆಡ್ ಹಾಕಿಸಿ ಬ್ರೇಕ್ ಕೂರಿಸಿಕೊಂಡೆ. ಸುತ್ತಲೂ ತೂತಿರುವ ಉಕ್ಕಿನ ಗೊಟ್ಟ, ಹೆಬ್ಬೆರಳಿಗಿಂತ ಒಂಚೂರು ದಪ್ಪ. ಗುಂಡು ನೇರ ಹೋಗುತ್ತದೆ, ಹಿಂದೆ ನುಗ್ಗಿ ಬರುವ ಅನಿಲ ತೂತುಗಳಿಂದ ಪಕ್ಕಕ್ಕೂ ಸ್ವಲ್ಪ ಹಿಂದಕ್ಕೂ ತಿರುಗುತ್ತದೆ. ಮುಂದೆ ಹೋಗಬೇಕಾದ ಅನಿಲ ಹಿಂದಕ್ಕೆ ತಿರುಗಿದಾಗ ಪಿಸ್ತೂಲನ್ನು ಮುಂದಕ್ಕೆ ಎಳೆದ ಹಾಗಾಗುತ್ತದೆ, ಅಷ್ಟರಮಟ್ಟಿಗೆ ಒದೆತ ಇಳಿಯುತ್ತದೆ. ಗುರಿ ಅಭ್ಯಾಸದ ಜಾಗದಲ್ಲಿ ಮೊದಲ ಈಡು ಹೊಡೆದಾಗ ನಕ್ಕುಬಿಟ್ಟೆ. ಹೋರಿಯಂತೆ ಹಾಯುತ್ತಿದ್ದದ್ದು ಕರುವಿನಂತೆ ತಳ್ಳಿತು. 20 ಈಡು ಹೊಡೆದೆ, ಬೆಚ್ಚಲಿಲ್ಲ. ಗುರಿಹಲಗೆಯಲ್ಲಿ ಗುಂಡಿನ ತೂತುಗಳ ಗುಂಪು ಬಿಗಿಯಾಯಿತು.

ಈಗ ಯೋಚಿಸಿದರೆ, ಆ ದಿನ ನನ್ನ ಕಿವಿಯೊಳಗೆ ಫೋಮ್ ಬಿರಡೆ ಇತ್ತು, ಅದರ ಮೇಲೆ ಇಡೀ ಕಿವಿ ಮುಚ್ಚುವ ಇಯರ್‌ಮಫ್ ಇತ್ತು. ಅಲ್ಲಿದ್ದ ಎಲ್ಲರಿಗೂ ಇತ್ತು. ಬ್ರೇಕನ್ನು ಹೊಗಳುವ ಪ್ರತಿಯೊಬ್ಬನೂ ಕಿವಿ ಮುಚ್ಚಿಕೊಂಡೇ ಅದನ್ನು ಪರೀಕ್ಷಿಸಿರುತ್ತಾನೆ. ಕೈಗೆ ಆದ ಲಾಭ ಗೊತ್ತಾಗುತ್ತದೆ, ಕಿವಿಗೆ ಬೀಳುವ ಬಿಲ್ ಕಾಣಿಸುವುದೇ ಇಲ್ಲ. ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು ಎರಡನೇ ಈಡಿಗೇ ತಮ್ಮ ಸಾಮಾನು ಎತ್ತಿಕೊಂಡು ಆ ತುದಿಗೆ ಹೋದರು. ಅನಿಲದ ಹೊಡೆತಕ್ಕೆ ಅವರ ಟೋಪಿ ಹಾರಿತ್ತು. ಸಿಡುಕು ಮುದುಕ ಅಂದುಕೊಂಡೆ.

ಆಮೇಲೆ ಆ ಸಂಜೆ.

ಕಾಡುಹಂದಿಗೆ ಕೂತಿದ್ದೆವು, ನಾನು ಮತ್ತು ನನ್ನ ಭಾವಮೈದ. ಹಲಗೆಯ ಗೋಡೆ, ತಗಡಿನ ಸೂರು ಇರುವ ಪುಟ್ಟ ಮರೆ, ಮುಂದೆ ಒಂದು ಅಗಲ ಕಿಂಡಿ. ಅವನು ನನ್ನ ಬಲಕ್ಕೆ, ಅರ್ಧ ಮೊಳ ಮುಂದೆ, ದುರ್ಬೀನು ಹಿಡಿದು. ನನ್ನ ಮಫ್ ಕತ್ತಿನಲ್ಲಿ ನೇತಾಡುತ್ತಿತ್ತು. ತರಗೆಲೆಯ ಸದ್ದು ಕೇಳಬೇಕಲ್ಲ! ಹಂದಿ ಬಂದಾಗ ಎಳೆದುಕೊಂಡರಾಯಿತು ಅನ್ನುವ ಲೆಕ್ಕ. ಈ ಲೆಕ್ಕ ಹಾಕದ ಬೇಟೆಗಾರನನ್ನು ನಾನು ನೋಡಿಲ್ಲ, ಅದು ಸರಿಹೋದದ್ದನ್ನೂ ನೋಡಿಲ್ಲ.

ಹಂದಿ ಬಂದದ್ದು ಸದ್ದಿಲ್ಲದೆ. ಬೆಳಕು ಇನ್ನೇನು ಹತ್ತು ನಿಮಿಷ. 60 ಮೀಟರ್ ಆಚೆ ಅಡ್ಡಲಾಗಿ ನಿಂತಿತು. ಕೈ ಮೇಲೆತ್ತಿದರೆ ಕಾಣುತ್ತದೆ ಅನ್ನಿಸಿತು, ಮಫ್ ಎಳೆಯಲಿಲ್ಲ. ಕಿಂಡಿಯ ಕೆಳಹಲಗೆಯ ಮೇಲೆ ಚೀಲವಿಟ್ಟು, ಅದರ ಮೇಲೆ ಪಿಸ್ತೂಲು ಊರಿ, ಮೊಣಕೈ ಮಡಚಿ ಗುರಿ ಹಿಡಿದೆ. ಇಲ್ಲಿ ಒಂದು ವಿಷಯ ಗಮನಿಸಿ, ಪಿಸ್ತೂಲಿನವರು ವಿಶೇಷವಾಗಿ. ರೈಫಲ್ ಆಗಿದ್ದರೆ ಅದರ ತುದಿ ತಾನಾಗಿ ಕಿಂಡಿಯಿಂದ ಒಂದಡಿ ಆಚೆ ಇರುತ್ತಿತ್ತು. ನನ್ನ ನಳಿಗೆಯ ತುದಿ, ಬ್ರೇಕಿನ ತೂತುಗಳ ಸಮೇತ, ಮರೆಯ ಒಳಗೇ ಇತ್ತು. ಸ್ಕೋಪಿನಲ್ಲಿ ಕಣ್ಣಿಟ್ಟವನಿಗೆ ಇದು ಕಾಣುವುದಿಲ್ಲ.

ಸದ್ದು ಕೇಳಿಸಲಿಲ್ಲ. ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ತಲೆಯ ಎರಡೂ ಬದಿಗೆ ಯಾರೋ ಅಂಗೈಯಿಂದ ಒಟ್ಟಿಗೆ ಅಪ್ಪಳಿಸಿದ ಹಾಗೆ, ಒಂದು ಬಿಳಿ ಬೆಳಕು, ಮೂಗಿನೊಳಗೆ ಮದ್ದಿನ ಘಾಟು, ತಗಡಿನಿಂದ ಉದುರುವ ಧೂಳು. ಆಮೇಲೆ ಏನೂ ಇಲ್ಲ. ಭಾವಮೈದ ಎಡಗಿವಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಏನಾಯಿತೋ ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಾ ಏನೋ ಹೇಳಿದ. ಅವನು ಅಂದದ್ದು "ಭಾವ, ನಿಮ್ಮ ಬಾಯಿ ಆಡ್ತಿದೆ, ಮಾತು ಬರ್ತಿಲ್ಲ" ಅಂತ. ಆಮೇಲೆ ಮನೆಯಲ್ಲಿ ಬರೆದು ತೋರಿಸಿದಾಗ ಗೊತ್ತಾಯಿತು.

ಹಂದಿಗೆ ಈಡು ಸರಿಯಾಗಿಯೇ ಬಿದ್ದಿತ್ತು. ಆದರೆ ಈಡು ತಗಲಿದ ಪ್ರಾಣಿ ಪೊದೆಯಲ್ಲಿ ಯಾವ ಕಡೆ ಮುರಿದುಕೊಂಡು ಹೋಯಿತು, ಎಲ್ಲಿ ಒದ್ದಾಡಿತು ಅನ್ನುವುದನ್ನು ಬೇಟೆಗಾರ ಕಿವಿಯಿಂದ ಹಿಂಬಾಲಿಸುತ್ತಾನೆ. ನಾವಿಬ್ಬರೂ ಕಿವುಡರು. 40 ಹೆಜ್ಜೆ ದೂರದಲ್ಲಿ ಬಿದ್ದಿದ್ದ ಹಂದಿಯನ್ನು ಟಾರ್ಚ್ ಹಿಡಿದು ಹುಡುಕಲು ಎರಡು ಗಂಟೆ ಬೇಕಾಯಿತು.

ಮಾರನೆಯ ದಿನ ಮಾತು ಕೇಳಿಸತೊಡಗಿತು, ನೀರಿನೊಳಗಿಂದ ಬಂದ ಹಾಗೆ. ಜೊತೆಗೆ ಒಂದು ಸಿಳ್ಳೆ. ಜೀರುಂಡೆಯಂತೆ ಅಂತ ಕೆಲವರು ಹೇಳುತ್ತಾರೆ, ನನ್ನದು ಹಾಗಲ್ಲ. ಹಳೆಯ ಡಬ್ಬಾ ಟಿವಿ ಹಾಕಿದಾಗ ಬರುತ್ತಿತ್ತಲ್ಲ, ಸೂಜಿಯಂಥ ತೆಳ್ಳನೆಯ ದನಿ, ಅದು. ಜೀರುಂಡೆಯಾದರೆ ಒಂದು ಹೊತ್ತಿಗೆ ಸುಮ್ಮನಾಗುತ್ತದೆ.

ತಾನಾಗಿ ಹೋಗುತ್ತದೆ ಎಂದು ಒಂಬತ್ತು ದಿನ ಕಾದೆ. ಈ ಬರಹದಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಾಯಬೇಡಿ. ಇಂಥ ಪೆಟ್ಟಿಗೆ ವೈದ್ಯರು ಕೆಲವೊಮ್ಮೆ ಸ್ಟೆರಾಯ್ಡ್ ಕೊಟ್ಟು ನೋಡುತ್ತಾರೆ. ಫಲಿಸಿಯೇ ತೀರುತ್ತದೆ ಅಂತಲ್ಲ, ಆದರೆ ತಡವಾದಷ್ಟೂ ಅದರ ಆಸೆ ಕಡಿಮೆ. ಕಿವಿ ಡಾಕ್ಟರು ಆಡಿಯೋಗ್ರಾಮ್ ಹಾಳೆಯನ್ನು, ಅಂದರೆ ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆಯನ್ನು, ಮುಂದಿಟ್ಟರು. ಗೆರೆ ಸಪಾಟಾಗಿ ಹೋಗಿ 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದು ಮತ್ತೆ ಸ್ವಲ್ಪ ಮೇಲೇರಿತ್ತು. "ಕೋವಿಯಾ?" ಅಂದರು. ಆ ಹಳ್ಳ ನೋಡಿದರೇ ಗೊತ್ತಾಗುತ್ತದಂತೆ. ಭಾವಮೈದನ ಎಡಗಿವಿಯ ತಮಟೆಯಲ್ಲಿ ಸಣ್ಣ ತೂತು ಬೇರೆ. ಅದು ಕೆಲವು ವಾರಗಳಲ್ಲಿ ಮುಚ್ಚಿಕೊಂಡಿತು. ಆದರೆ ಒಳಗಿನ ಬಸವನಹುಳುವಿನ ಆಕಾರದ ಭಾಗದಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಕೋಶಗಳಿವೆಯಲ್ಲ, ಒಂದೊಂದು ಕಿವಿಗೆ ಸುಮಾರು 15,000, ಅವು ಸತ್ತರೆ ಸತ್ತವೇ. ಹಕ್ಕಿಗಳಲ್ಲಿ ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಇಲ್ಲ.

ಆಮೇಲೆ ಕೂತು ಲೆಕ್ಕ ತಿಳಿದುಕೊಂಡೆ, ಮೊದಲೇ ತಿಳಿಯಬೇಕಿತ್ತು. ಸಿಡಿತದಂಥ ಸದ್ದಿಗೆ ಬರಿಗಿವಿಯ ಮಿತಿ ಎಂದು ಸಾಮಾನ್ಯವಾಗಿ ಹೇಳುವುದು 140 ಡೆಸಿಬೆಲ್. ಬ್ರೇಕ್ ಇಲ್ಲದೆಯೇ ದೊಡ್ಡ ತೋಟಾಗಳು ಅದನ್ನು ಧಾರಾಳವಾಗಿ ದಾಟುತ್ತವೆ, 160ರ ಆಸುಪಾಸಿನಲ್ಲಿ ಇರುತ್ತವೆ. ಬ್ರೇಕ್ ಹಾಕಿದರೆ ಹೊಡೆಯುವವನ ಕಿವಿಗೆ ಇನ್ನೂ 5ರಿಂದ 10 ಸೇರಬಹುದು. ಹತ್ತೇ ತಾನೇ ಅನ್ನಬೇಡಿ. ಡೆಸಿಬೆಲ್ ಏಣಿಯಲ್ಲಿ 3 ಮೇಲೇರಿದರೆ ಶಕ್ತಿ ಇಮ್ಮಡಿ, 10 ಏರಿದರೆ ಹತ್ತು ಪಟ್ಟು. ಕಿವಿಯೊಳಗೆ ಜೋರು ಸದ್ದಿಗೆ ಬಿಗಿಯುವ ಪುಟ್ಟ ಸ್ನಾಯುವೊಂದಿದೆ, ಆದರೆ ಅದು ಎಚ್ಚೆತ್ತು ಬಿಗಿಯುವಷ್ಟರಲ್ಲಿ ಈಡಿನ ಪೆಟ್ಟು ಬಂದು ಹೋಗಿ ಆಗಿರುತ್ತದೆ.

"ಬೇಟೆಯಲ್ಲಿ ಸದ್ದೇ ಗೊತ್ತಾಗೋಲ್ಲ ಮಾರಾಯ" ಅನ್ನುವವರು ಬಹಳ. ನಿಜ, ಗೊತ್ತಾಗುವುದಿಲ್ಲ. ಉದ್ವೇಗದಲ್ಲಿ ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಕೋಶಗಳು ಸಾಯುವುದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಇನ್ನು ರೈಫಲ್ಲಿನಲ್ಲಿ ಕೆನ್ನೆ ಹಿಡಿಕೆಗೆ ಒರಗಿ ತಲೆ ಓರೆಯಾಗುವುದರಿಂದ ಒಂದು ಕಿವಿಗಾದರೂ ತಲೆಯದೇ ಮರೆ ಸಿಗುತ್ತದೆ. ಪಿಸ್ತೂಲನ್ನು ಎದುರಿಗೆ ಹಿಡಿದವನಿಗೆ ಅದೂ ಇಲ್ಲ, ಎರಡೂ ಕಿವಿಗೆ ಸಮಪಾಲು.

ಬ್ರೇಕಿಗಾಗಿ ಇಷ್ಟೆಲ್ಲ ತೆರಬೇಕೇ ಅನ್ನುವುದು ತೋಟಾದ ಮೇಲೂ ನಿಂತಿದೆ. ಬ್ರೇಕ್ ಕೆಲಸ ಮಾಡುವುದು ಅನಿಲದ ಮೇಲೆ ಮಾತ್ರ, ಗುಂಡಿನ ಒದೆತವನ್ನು ಅದು ಮುಟ್ಟಲಾರದು. ನನ್ನ .308ರಲ್ಲಿ 150 ಗ್ರೇನ್ (ಗುಂಡು, ಮದ್ದು ತೂಗುವ ಪುಟ್ಟ ಅಳತೆ) ಗುಂಡಿಗೆ 45 ಗ್ರೇನ್ ಹತ್ತಿರ ಮದ್ದು. ಅನಿಲದ ಪಾಲು ದೊಡ್ಡದು, ಆದ್ದರಿಂದ ಬ್ರೇಕಿನ ಪವಾಡವೂ ದೊಡ್ಡದು. ಅದೇ .44 ಮ್ಯಾಗ್ನಮ್ ರಿವಾಲ್ವರ್ ನೋಡಿ: 240 ಗ್ರೇನ್ ಗುಂಡಿಗೆ 24 ಗ್ರೇನಿನ ಆಸುಪಾಸು. ಹತ್ತಕ್ಕೆ ಒಂದು. ಅಲ್ಲಿ ಕೈಗೆ ಸಿಗುವ ಸುಖ ಕಡಿಮೆ, ಕಿವಿಗೆ ಬೀಳುವ ಪೆಟ್ಟು ಮಾತ್ರ ಪೂರ್ತಿ. 2003ರಲ್ಲಿ ಬಂದ .500 ಎಸ್ ಆ್ಯಂಡ್ ಡಬ್ಲ್ಯೂ ಮ್ಯಾಗ್ನಮ್‌ನಂಥ ದೈತ್ಯ ರಿವಾಲ್ವರುಗಳಿಗೆ ತುದಿಯಲ್ಲಿ ಬ್ರೇಕಿನಂಥದೇ ಕಾಂಪೆನ್ಸೇಟರ್ ಇಟ್ಟೇ ಕೊಟ್ಟದ್ದಿದೆ, ಅವುಗಳ ಮಾತು ಬೇರೆ. ಅವನ್ನು ಬರಿಗಿವಿಯಲ್ಲಿ ಹೊಡೆಯುವವನಿಗೆ ಬುದ್ಧಿ ಹೇಳಲು ನಾನು ಯಾರು? ನಳಿಗೆಯ ಮೇಲ್ಮೈಯಲ್ಲಿ ಸೀಳು ಕೊರೆಸುವ ಪೋರ್ಟಿಂಗ್ ಇನ್ನೊಂದು ದಾರಿ. ಅದನ್ನು ಬಿಚ್ಚಿಡಲು ಬರುವುದಿಲ್ಲ, ಸಂಜೆಗತ್ತಲಲ್ಲಿ ಬೆಂಕಿ ಕಣ್ಣೆದುರಿಗೇ ಚಿಮ್ಮುತ್ತದೆ.

"ಅಭ್ಯಾಸಕ್ಕೆ ಬ್ರೇಕ್ ಹಾಕಿ, ಬೇಟೆಗೆ ಬಿಚ್ಚಿಡು" ಅಂತ ಸಲಹೆ ಕೊಡುವವರಿದ್ದಾರೆ. ಕೇಳಲು ಚೆನ್ನ. ಆದರೆ ತುದಿಯ ತೂಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ನಾನು ಬಿಚ್ಚಿ ನೋಡಿದಾಗ 100 ಮೀಟರಿಗೆ ನಾಲ್ಕು ಬೆರಳು ಕೆಳಗೆ ಬಿತ್ತು. ಹೊಸದಾಗಿ ಝೀರೋ ಮಾಡದೆ, ಅಂದರೆ ಸ್ಕೋಪನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸದೆ, ಹೋದರೆ ಕಿವಿ ಉಳಿದೀತು, ಪ್ರಾಣಿ ಗಾಯಗೊಂಡು ಹೋದೀತು.

ನಾನು ಈಗ ಏನು ಮಾಡಿದ್ದೇನೆ ಅಂದರೆ: ಬ್ರೇಕ್ ತೆಗೆದು ಥ್ರೆಡ್ ಮೇಲೆ ಟೊಪ್ಪಿ ತಿರುಗಿಸಿದ್ದೇನೆ. ತೋಟಾಗೆ ಮದ್ದು ಇಳಿಸಿದ್ದೇನೆ. 60-70 ಮೀಟರಿನ ಹಂದಿಗೆ ಅಷ್ಟು ಖಾರ ಬೇಕಾಗಿಯೇ ಇರಲಿಲ್ಲ. ಅಂಗೈ ತುಂಬುವ ಮೆತ್ತನೆಯ ರಬ್ಬರ್ ಹಿಡಿಕೆ, ಭಾರದ ಸ್ಕೋಪು. ತೂಕ ಹೆಚ್ಚಾದರೆ ಒದೆತ ಇಳಿಯುತ್ತದೆ, ಸದ್ದು ಏರುವುದಿಲ್ಲ. ಬೆಚ್ಚುವ ಚಾಳಿಯನ್ನು ಖಾಲಿ ಪಿಸ್ತೂಲಿನ ಅಭ್ಯಾಸದಿಂದ ಬಿಡಿಸಿಕೊಂಡೆ, ಎರಡು ತಿಂಗಳು ಹಿಡಿಯಿತು. ಕಾನೂನು ಒಪ್ಪುವ ಕಡೆ ಸಿಂಗಲ್ ಶಾಟ್ ಪಿಸ್ತೂಲಿಗೆ ಸದ್ದು ತಗ್ಗಿಸುವ ಸಪ್ರೆಸರ್ ಹಾಕಬಹುದು. ಅದು 20-30 ಡೆಸಿಬೆಲ್ ಇಳಿಸುತ್ತದೆ, ಒದೆತವನ್ನೂ ತಗ್ಗಿಸುತ್ತದೆ. ರಿವಾಲ್ವರಿಗೆ ಅದು ನಡೆಯದು, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದಲೇ ಅನಿಲ ಸಿಡಿಯುತ್ತದೆ.

ಮತ್ತೆ ಕಿವಿಯ ಮಾತು. ತರಗೆಲೆಯ ಸದ್ದು ಕೇಳಬೇಕು ಎಂದು ಮಫ್ ಕತ್ತಿಗೆ ಇಳಿಸಿದ್ದೆನಲ್ಲ, ಆ ನೆಪ ಹುಸಿ. ಎಲೆಕ್ಟ್ರಾನಿಕ್ ಮಫ್‌ಗಳು ಸಣ್ಣ ಸದ್ದನ್ನು ದೊಡ್ಡದು ಮಾಡಿ ಕೇಳಿಸುತ್ತವೆ, ಜೋರು ಸದ್ದು ಬಂದ ಕ್ಷಣ ಅದನ್ನು ಒಳಗೆ ಬಿಡುವುದಿಲ್ಲ. ಬರಿಗಿವಿಗೆ ಕೇಳದ ಇಲಿಯ ಓಡಾಟವೂ ಅದರಲ್ಲಿ ಕೇಳುತ್ತದೆ. ಬ್ರೇಕ್ ಹಾಕಿಯೇ ತೀರುತ್ತೇನೆ ಅನ್ನುವವರು ಅದರೊಳಗೆ ಬಿರಡೆಯನ್ನೂ ಇಟ್ಟು, ದನಿಯನ್ನು ಜೋರು ಮಾಡಿಕೊಂಡು ಕೂರಲಿ. ಬಿರಡೆಯ ಮೇಲೆ ಮಫ್ ಹಾಕಿದರೆ ಎರಡರ ಅಂಕ ಕೂಡುವುದಿಲ್ಲ, ಸುಮಾರು 5 ಡೆಸಿಬೆಲ್ ಹೆಚ್ಚು ತಡೆದೀತು. ಆದರೂ ಆ ಐದು ಬೇಕು. ಪಕ್ಕದವನಿಗೂ ಬೇಕು, ಅವನಿಗೆ ಮೊದಲು ಬೇಕು. ತೂತುಗಳ ನೇರಕ್ಕೆ ಕೂತವನಿಗೆ ಬೀಳುವುದು ಹೊಡೆಯುವವನಿಗಿಂತ ಹೆಚ್ಚು, ಟ್ರಿಗರ್ ಯಾವಾಗ ಎಳೆಯುತ್ತೀರಿ ಎನ್ನುವುದೂ ಅವನಿಗೆ ಗೊತ್ತಿರುವುದಿಲ್ಲ.

ಭಾವಮೈದ ಈಗಲೂ ನನ್ನ ಜೊತೆ ಬರುತ್ತಾನೆ. ಆದರೆ ಪಕ್ಕದಲ್ಲಿ ಕೂರುವುದಿಲ್ಲ, ಹಿಂದೆ ಹೋಗಿ ಗೋಡೆಗೆ ಒರಗುತ್ತಾನೆ. ಯಾಕೋ ಅಂತ ನಾನು ಕೇಳಿಲ್ಲ. ಅವನು ಹೇಳಿಯೂ ಇರಬಹುದು, ನನಗೆ ಕೇಳಿಲ್ಲ.