ನಾಯಿಮರಿ ತರುವವರೇ, ಅಂಗಡಿಯವರು ಕಟ್ಟಿಕೊಡುವ ‘ಪಪ್ಪಿ ಕಿಟ್’ ಬಗ್ಗೆ ಹುಷಾರು

ಮನೆಗೆ ನಾಯಿಮರಿ ತರಬೇಕು ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂಬೈ, ಠಾಣೆ, ಕಲ್ಯಾಣ ಕಡೆ ಇರುವ ನಮ್ಮವರು ದಯವಿಟ್ಟು ಪೂರ್ತಿ ಓದಿ. ಪೆಟ್ ಶಾಪ್‌ನಲ್ಲಿ ಎಲ್ಲಾ ಸಾಮಾನು ಸೇರಿಸಿ ಒಂದು ಕಿಟ್ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಕೇಜ್ ಮತ್ತು ಹಾಸಿಗೆ ಹೊಸದು ಅಂತ ನಿಮ್ಮ ಕಣ್ಣಿಗೇ ಖಾತ್ರಿ ಆಗದಿದ್ದರೆ ಅವನ್ನು ಹೊಸ್ತಿಲ ಒಳಗೆ ತರಲೇಬೇಡಿ.

ನಾವಿರುವುದು ಡೊಂಬಿವಲಿಯಲ್ಲಿ. ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಒಂದು ಬೀದಿನಾಯಿ ಐದು ಮರಿ ಹಾಕಿತ್ತು. ವಾಚ್‌ಮನ್ ಗೋಣಿಚೀಲ ಹಾಸಿ, ತನ್ನ ಡಬ್ಬಿಯ ಅನ್ನ ಹಾಕಿ ತಾಯಿ ಮಕ್ಕಳನ್ನು ನೋಡಿಕೊಂಡಿದ್ದ. ಮರಿಗಳಿಗೆ ಎರಡು ತಿಂಗಳು ತುಂಬಿದ ಮೇಲೆ ಎರಡನ್ನು ನಾವು ಸಾಕುವುದು ಅಂತ ಮನೆಯವರೆಲ್ಲ ಕೂತು ಮಾತಾಡಿಕೊಂಡೆವು. ಗಂಡುಮರಿ ಕರಿಯ, ಹೆಣ್ಣುಮರಿ ಚಿನ್ನಿ. ಡಾಕ್ಟರ ಹತ್ತಿರ ತೋರಿಸಿ ಜಂತುಹುಳದ ಔಷಧಿ ಕುಡಿಸಿ, ಮೊದಲ ಇಂಜೆಕ್ಷನ್ನೂ ಹಾಕಿಸಿದ್ದೆವು. ಎರಡೂ ಚುರುಕಾಗಿದ್ದವು.

ಸಾಮಾನು ತರಲು ನಾನೂ ನಮ್ಮನೆಯವರೂ ಒಂದು ಅಂಗಡಿಗೆ ಹೋದೆವು. ಹೆಸರು ಬರೆಯುವುದಿಲ್ಲ. ಅಲ್ಲಿ ಸಾಮಾನಿನ ಜೊತೆ ಮರಿಗಳನ್ನೂ ಮಾರುತ್ತಾರೆ. ನಾವು ಮೊದಲ ಸಲ ಸಾಕುವವರು ಅಂತ ಗೊತ್ತಾದ ಕೂಡಲೇ ಮಾಲೀಕ, “ಭಾಭೀಜಿ, ಟೆನ್ಶನ್ ಮತ್ ಲೋ, ಪೂರಾ ಕಿಟ್ ಬನಾ ದೇತಾ ಹೂಂ” ಅಂದು ಒಂದೊಂದೇ ಇಳಿಸಲು ಶುರು ಮಾಡಿದ. ಕಬ್ಬಿಣದ ಕೇಜ್, ಅದರೊಳಗೆ ಹಾಸಲು ಮೆತ್ತನೆ ಹಾಸಿಗೆ, ಎಳೆದರೆ ಕುತ್ತಿಗೆಗೆ ಬಿಗಿಯಾಗುವ ಎರಡು ಚೋಕ್ ಚೈನ್, ಒಂದು ಅಗಲವಾದ ಪ್ಲಾಸ್ಟಿಕ್ ಬಟ್ಟಲು, ದೊಡ್ಡ ಚೀಲದಿಂದ ತೂಗಿ ಕಟ್ಟಿದ ಪಪ್ಪಿ ಫುಡ್, ಕ್ಯಾಲ್ಸಿಯಂ ಸಿರಪ್, ಉಣ್ಣಿಗೆ ಹಚ್ಚುವ ಔಷಧಿ, ಹಗ್ಗದ ಆಟಿಕೆ. ಬಿಲ್ ಕೇಳಿದರೆ ಚೀಟಿಯಲ್ಲಿ ಒಟ್ಟು ಮೊತ್ತ ಗೀಚಿ ಕೊಟ್ಟ. ಇದು ಹೊಸ ಕೇಜೇ ತಾನೇ ಅಂತ ನಮ್ಮನೆಯವರು ಎರಡೆರಡು ಸಲ ಕೇಳಿದರು. “ಏಕ್‌ದಮ್ ನಯಾ” ಅಂದ.

ಮಾರನೇ ದಿನ ಬೆಳಿಗ್ಗೆ ನಮ್ಮತ್ತೆ ಕೇಜಿನ ಟ್ರೇ ಹೊರಗೆಳೆದು ತೊಳೆಯಲು ಕೂತರು. ಟ್ರೇಯ ಅಂಚಿನ ತುಂಬ ಸಣ್ಣ ಸಣ್ಣ ಹಲ್ಲಿನ ಗುರುತು. ಮೂಲೆಯ ಸಂದಿಯಲ್ಲಿ ತಿಳಿ ಹಳದಿ ಕೂದಲು ಅಂಟಿಕೊಂಡಿತ್ತು. ನಮ್ಮ ಮರಿಗಳಲ್ಲಿ ಒಂದು ಕಪ್ಪು, ಇನ್ನೊಂದು ಗಾಢ ಕಂದು. ಸರಳುಗಳಿಗೆ ಬೆಳ್ಳಿ ಬಣ್ಣದ ಪೇಂಟ್ ಬಳಿದಿದ್ದರು. ಉಗುರಿನಿಂದ ಕೆರೆದರೆ ಪೇಂಟ್ ಎದ್ದು ಬಂತು, ಕೆಳಗೆಲ್ಲ ತುಕ್ಕು. ಹಾಸಿಗೆಯ ಹೊಲಿಗೆ ಬಿಚ್ಚಿ ನೋಡಿದರೆ ಒಳಗಿನ ಹತ್ತಿಯ ಮೇಲೆ ಹಳೇ ಕಲೆ. ಫೋನ್ ಮಾಡಿದರೆ ಅಂಗಡಿಯವನು, ಅದು ಡಿಸ್‌ಪ್ಲೇ ಪೀಸ್, ಫಿನೈಲ್ ಹಾಕಿ ತೊಳೆದಿದ್ದೇವೆ, ಏನೂ ಆಗಲ್ಲ ಅಂದ. ಅಷ್ಟರಲ್ಲಿ ಮರಿಗಳು ಒಂದು ರಾತ್ರಿ ಅದರಲ್ಲೇ ಮಲಗಿ ಎದ್ದಿದ್ದವು.

ವಾರ ಕಳೆಯುವಷ್ಟರಲ್ಲಿ ಕರಿಯ ಮಂಕಾದ. ಕರೆದರೆ ಬಾಲ ಅಲ್ಲಾಡಿಸುತ್ತಿದ್ದ, ಏಳುತ್ತಿರಲಿಲ್ಲ. ಸಂಜೆಗೆ ವಾಂತಿ, ರಾತ್ರಿಗೆ ರಕ್ತಭೇದಿ. ಅದರ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಡಾಕ್ಟರು ಅಲ್ಲೇ ತಮ್ಮ ಟೆಸ್ಟ್ ಕಿಟ್‌ನಲ್ಲಿ ಪರೀಕ್ಷೆ ಮಾಡಿ ಪಾರ್ವೋ ಅಂದರು, ಮರಿಗಳ ಕರುಳಿಗೆ ಬರುವ ವೈರಸ್ ರೋಗ. ಡ್ರಿಪ್ ಹಾಕಿದರು, ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟರು, ಮಾಡಬೇಕಾದ್ದೆಲ್ಲ ಮಾಡಿದರು. ಕರಿಯ ಉಳಿಯಲಿಲ್ಲ. ಅವನಿಗೆ ಡ್ರಿಪ್ ನಡೆಯುತ್ತಿರುವಾಗಲೇ ಚಿನ್ನಿಗೂ ವಾಂತಿ ಶುರುವಾಯಿತು. ಅವಳಿಗೆ ಮೊದಲ ವಾಂತಿಯಾದ ತಕ್ಷಣ ಚಿಕಿತ್ಸೆ ಸಿಕ್ಕಿತು, ಬದುಕಿಕೊಂಡಳು. ನನ್ನ ಮಗ ಇವತ್ತಿಗೂ ಕರಿಯನ ಹೆಸರೆತ್ತಿದರೆ ಅಳುತ್ತಾನೆ.

ಪಾರ್ವೋ ಬಂದದ್ದು ಕೇಜಿನಿಂದಲೇ ಅಂತ ನೂರಕ್ಕೆ ನೂರು ಹೇಳಲು ಆಗುವುದಿಲ್ಲ ಅಂತ ಡಾಕ್ಟರು ಹೇಳಿದರು. ಅದು ಪ್ರಾಮಾಣಿಕವಾದ ಮಾತು. ಬೀದಿಯಲ್ಲೂ ಆ ವೈರಸ್ ಇರುತ್ತದೆ, ಚಪ್ಪಲಿಯ ಜೊತೆಗೂ ಒಳಗೆ ಬರುತ್ತದೆ. ಆದರೆ ಪಾರ್ಕಿಂಗ್‌ನಲ್ಲೇ ಉಳಿದ, ಅದೇ ತಾಯಿಯ ಮೂರು ಮರಿಗಳಿಗೆ ಏನೂ ಆಗಲಿಲ್ಲ. ನಾವು ಅಂಗಡಿಗೆ ಹೋಗಿ ಜಗಳ ಮಾಡಿದ ದಿನ ಮಾಲೀಕ ಒಳಗೆ ಹೋದಾಗ, ಕೆಲಸದ ಹುಡುಗ ಮೆಲ್ಲಗೆ ಹೇಳಿದ: ಹೋದ ತಿಂಗಳು ಆ ಕೇಜಿನಲ್ಲಿ ಲ್ಯಾಬ್ರಡಾರ್ ಮರಿಗಳಿದ್ದವು, ಅದರಲ್ಲಿ ಎರಡು ಸತ್ತವು. ಟ್ರೇಯಲ್ಲಿ ಸಿಕ್ಕ ಹಳದಿ ಕೂದಲು ಯಾವುದರದ್ದು ಅಂತ ನನಗೆ ಇನ್ನು ಅನುಮಾನ ಉಳಿದಿಲ್ಲ.

ಇನ್ನು ಡಾಕ್ಟರು ವಿವರಿಸಿದ್ದನ್ನು ಹೇಳುತ್ತೇನೆ. ಪಾರ್ವೋ ವೈರಸ್ ನಾಯಿಯ ಮಲದಲ್ಲಿ ಹೊರಗೆ ಬರುತ್ತದೆ. ನೆಲ, ಬಟ್ಟೆ, ಪ್ಲಾಸ್ಟಿಕ್, ಮಣ್ಣು ಎಲ್ಲದರ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ, ಕೆಲವು ಕಡೆ ವರ್ಷವೂ ಆಗಬಹುದು. ಫಿನೈಲ್‌ಗೂ ಸ್ಪಿರಿಟ್‌ಗೂ ಅದು ಸಾಯುತ್ತದೆ ಅಂತ ನಂಬುವ ಹಾಗಿಲ್ಲ. ಬ್ಲೀಚ್‌ಗೆ ಸಾಯುತ್ತದೆ. ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ, ಮೊದಲು ಸೋಪಿನಲ್ಲಿ ಕೊಳೆಯೆಲ್ಲ ತೊಳೆದ ಜಾಗಕ್ಕೆ ಹಾಕಿ, 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚನ್ನು ಯಾವ ಕಾರಣಕ್ಕೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಇನ್ನು ಮರ, ಸ್ಪಂಜು, ದಪ್ಪ ಹಾಸಿಗೆ ಇಂಥವನ್ನು ಎಷ್ಟು ತೊಳೆದರೂ ಭರವಸೆ ಇಲ್ಲ, ಬಿಸಾಡುವುದೇ ಸರಿ. ನಾಯಿಗಳ ಪಾರ್ವೋ ಮನುಷ್ಯರಿಗೆ ಬರುವುದಿಲ್ಲ. ಆದರೆ ನಮ್ಮ ಕೈ, ಬಟ್ಟೆ, ಚಪ್ಪಲಿಯ ಮೂಲಕ ಒಂದು ಮರಿಯಿಂದ ಇನ್ನೊಂದಕ್ಕೆ ಹೋಗುತ್ತದೆ.

ಇಂಜೆಕ್ಷನ್ ಹಾಕಿಸಿದ್ದೆವಲ್ಲ, ಆದರೂ ಯಾಕೆ ಬಂತು ಅಂತ ತುಂಬ ಜನ ಕೇಳಿದರು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಪೂರ್ತಿ ಹತ್ತುವುದಿಲ್ಲ. ಆ ರಕ್ಷಣೆ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, ಕೆಲವು ವಾರಗಳ ಅಂತರದಲ್ಲಿ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕುತ್ತಾರೆ. ಅಲ್ಲಿಯವರೆಗೆ ಮರಿಗೆ ಗೊತ್ತಿಲ್ಲದ ನಾಯಿಗಳ ಸಾಮಾನು ಸೋಕಲೇಬಾರದು. ಮೊದಲ ಇಂಜೆಕ್ಷನ್ ಆಯ್ತು, ಇನ್ನೇನೂ ಭಯ ಇಲ್ಲ ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ನಮಗೂ ಹಾಗೇ ಹೇಳಿದ್ದರು.

ಚಿನ್ನಿ ಚೇತರಿಸಿಕೊಂಡ ಮೇಲೆ ಕಿಟ್‌ನಲ್ಲಿದ್ದ ಉಳಿದ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಡಾಕ್ಟರಿಗೆ ತೋರಿಸಿದೆವು. ಅವರು ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟರು. ಉಣ್ಣಿ ಔಷಧಿಯ ಶೀಶೆಯಲ್ಲಿದ್ದದ್ದು ಅಮಿಟ್ರಾಜ್. ನಾಲ್ಕು ತಿಂಗಳು ತುಂಬದ ಮರಿಗೆ ಅದನ್ನು ಹಚ್ಚಬಾರದು. ಮರಿ ಜೋಮು ಹಿಡಿದ ಹಾಗೆ ಬಿದ್ದುಕೊಳ್ಳಬಹುದು, ಮೈ ತಣ್ಣಗಾಗಬಹುದು, ಎದೆಬಡಿತ ಇಳಿಯಬಹುದು. ಅಂಗಡಿಯವನು ಮರಿಗಳ ವಯಸ್ಸು ಕೇಳಿಯೇ ಅದನ್ನು ಕೊಟ್ಟಿದ್ದ! ಮಳೆಗಾಲದಲ್ಲಿ ನಮ್ಮ ಕಡೆ ಉಣ್ಣಿ ಕಾಟ ಜಾಸ್ತಿ, ಉಣ್ಣಿಯಿಂದ ಜ್ವರವೂ ಬರುತ್ತದೆ, ಹಾಗಾಗಿ ಔಷಧಿ ಬೇಕೇ ಬೇಕು. ಅದು ಯಾವುದು, ಎಷ್ಟು ಅನ್ನುವುದನ್ನು ಮರಿಯ ವಯಸ್ಸು, ತೂಕ ನೋಡಿ ಡಾಕ್ಟರೇ ಹೇಳಬೇಕು.

ಕ್ಯಾಲ್ಸಿಯಂ ಸಿರಪ್ಪಿನದೂ ಅದೇ ಕಥೆ. ಮೂಳೆ ಗಟ್ಟಿಯಾಗುತ್ತದೆ ಅಂತ ಎಲ್ಲರಿಗೂ ಒಂದೊಂದು ಬಾಟಲಿ ಕಟ್ಟುತ್ತಾರೆ. ಒಳ್ಳೆಯ ಪಪ್ಪಿ ಫುಡ್ಡಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಆಗಲೇ ಇರುತ್ತದೆ. ಚಿಕ್ಕ ಮರಿಗಳ ಹೊಟ್ಟೆ ಹೆಚ್ಚಾದದ್ದನ್ನು ಬೇಡ ಅಂತ ತಡೆಯಲಾರದು. ಲ್ಯಾಬ್, ಶೆಫರ್ಡ್, ಗ್ರೇಟ್ ಡೇನ್‌ನಂಥ ದೊಡ್ಡ ಜಾತಿಯ ಮರಿಗಳಿಗೆ ಜಾಸ್ತಿ ಕೊಟ್ಟರೆ ಮೂಳೆ ಬೆಳವಣಿಗೆಯೇ ಕೆಡುತ್ತದೆ.

ತೂಗಿ ಕೊಟ್ಟ ಫುಡ್ಡನ್ನು ಡಾಕ್ಟರು ಕೈಯಲ್ಲಿ ಹಿಡಿದು ಮೂಸಿ ನೋಡಿದರು, ನನಗೂ ಕೊಟ್ಟರು. ಕಮಟು ವಾಸನೆ, ಕಾಳುಗಳು ಮೆತ್ತಗಾಗಿದ್ದವು. ಮುಂಬೈನ ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ವಾರಗಟ್ಟಲೆ ಅಂಗಡಿಯಲ್ಲಿ ನಿಂತರೆ ಹಪ್ಪಳದ ಡಬ್ಬಿ ತೆರೆದಿಟ್ಟ ಹಾಗೇ ಆಗುತ್ತದೆ. ಬೂಷ್ಟು ಹಿಡಿದ ಧಾನ್ಯದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಅದು ನಾಯಿಯ ಲಿವರ್ ಹಾಳು ಮಾಡುತ್ತದೆ. ತೂಗಿ ಕೊಟ್ಟದ್ದರ ಮೇಲೆ ತಯಾರಾದ ತಾರೀಖೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. ಚಿಕ್ಕ ಪ್ಯಾಕೆಟ್ ಆದರೂ ಸರಿ, ಸೀಲ್ ಇರುವುದನ್ನೇ ತಗೊಳ್ಳಿ. ತೆರೆದ ಮೇಲೆ ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮೊದಲು ತಿನ್ನುತ್ತಿದ್ದ ಊಟವನ್ನು ಒಮ್ಮೆಗೇ ನಿಲ್ಲಿಸದೆ, ಒಂದು ವಾರ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತಾ ಬದಲಿಸಿ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಒಗ್ಗುವುದಿಲ್ಲ, ಭೇದಿಯಾಗುತ್ತದೆ.

ಬಟ್ಟಲಿನ ಬಗ್ಗೆ ಒಂದು ಮಾತು, ಎರಡು ಮರಿ ತರುವವರು ಇದನ್ನು ಮರೆಯಬೇಡಿ. ನಮಗೆ ಕೊಟ್ಟದ್ದು ಒಂದೇ ಅಗಲದ ಬಟ್ಟಲು. ಎರಡೂ ಒಟ್ಟಿಗೆ ಮೂತಿ ಇಡುತ್ತಿದ್ದವು, ಬಟ್ಟಲು ಖಾಲಿಯಾಗುತ್ತಿತ್ತು. ಕರಿಯ ಊಟ ಬಿಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ, ಅವನ ಪಾಲನ್ನೂ ಚಿನ್ನಿಯೇ ತಿನ್ನುತ್ತಿದ್ದಳು. ಪಾರ್ವೋದಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ. ಎರಡು ಮರಿಗೆ ಎರಡು ಸ್ಟೀಲ್ ತಟ್ಟೆ, ಸ್ವಲ್ಪ ದೂರ ದೂರ ಇಡಿ. ಯಾರು ತಿಂದರು, ಯಾರು ಬಿಟ್ಟರು ಅಂತ ಪ್ರತಿ ಊಟಕ್ಕೂ ಗೊತ್ತಾಗಬೇಕು. ಮನೆಯಲ್ಲಿರುವ ಹಳೇ ಸ್ಟೀಲ್ ತಟ್ಟೆಯೇ ಸಾಕು.

ಚೋಕ್ ಚೈನ್ ಮರಿಗೆ ಬೇಡವೇ ಬೇಡ, ಎಳೆದಾಗ ಎಳೇ ಗಂಟಲಿಗೆ ಪೆಟ್ಟು. ಮೆತ್ತನೆ ಬಟ್ಟೆಯ ಬೆಲ್ಟ್ ಅಥವಾ ಎದೆಗೆ ಹಾಕುವ ಹಾರ್ನೆಸ್ ತಗೊಳ್ಳಿ. ಕುತ್ತಿಗೆ ಮತ್ತು ಬೆಲ್ಟಿನ ಮಧ್ಯೆ ಎರಡು ಬೆರಳು ಸರಾಗವಾಗಿ ಹೋಗಬೇಕು. ಮರಿ ಬೇಗ ಬೆಳೆಯುತ್ತದೆ, ಆಗಾಗ ಬೆರಳಿಟ್ಟು ನೋಡುತ್ತಿರಿ. ಹಗ್ಗದ ಆಟಿಕೆಯ ನೂಲು ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ, ಕೀ ಕೀ ಅನ್ನುವ ಗೊಂಬೆಯೊಳಗಿನ ಪ್ಲಾಸ್ಟಿಕ್ ಬಿಲ್ಲೆ ಗಂಟಲಿಗೆ ಸಿಗುತ್ತದೆ.

ಕೇಜ್ ಬೇಕು ಅನ್ನುವವರು ಹೊಸದನ್ನೇ, ಕಂಪನಿಯ ಪೆಟ್ಟಿಗೆಯಲ್ಲಿ ಪ್ಯಾಕ್ ಆಗಿ ಬಂದದ್ದನ್ನೇ ತಗೊಳ್ಳಿ. ಮರಿ ಎದ್ದು ನಿಂತು, ಒಂದು ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ತೀರಾ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯುವ ಅಭ್ಯಾಸ ಆಗುತ್ತದೆ. ತಳಕ್ಕೆ ಬರೀ ಸರಳು ಇರುವುದು ಬೇಡ. ನಮ್ಮ ಕೇಜಿನ ತಳದ ಸಂದಿಯಲ್ಲಿ ಚಿನ್ನಿಯ ಮುಂಗಾಲು ಸಿಕ್ಕಿ ಉಗುರು ಕಿತ್ತು ರಕ್ತ ಬಂದಿತ್ತು. ಹಾಸಿಗೆಗೆ ದುಡ್ಡೇ ಖರ್ಚು ಮಾಡಬೇಡಿ. ಮನೆಯ ಹಳೇ ಕಾಟನ್ ಸೀರೆ, ಬೆಡ್‌ಶೀಟ್ ಮಡಿಸಿ ಹಾಸಿ, ಗಲೀಜಾದರೆ ಬಿಸಿನೀರಲ್ಲಿ ಒಗೆಯಬಹುದು. ಟೈಲ್ಸ್ ಮೇಲೆ ಮರಿಗಳ ಕಾಲು ಜಾರುತ್ತದೆ, ಓಡಾಡುವ ಕಡೆ ಚಾಪೆ ಹಾಕಿ.

ಸಾಮಾನಿಗಿಂತ ಮುಂಚೆ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ. ರಾತ್ರಿ ಹೊತ್ತು ನಿಮ್ಮ ಏರಿಯಾದಲ್ಲಿ ಯಾವ ಕ್ಲಿನಿಕ್ ತೆರೆದಿರುತ್ತದೆ ಅಂತ ಮರಿ ಬರುವ ಮೊದಲೇ ವಿಚಾರಿಸಿಡಿ. ಮುಂಬೈ ಒಳಗಿರುವವರಿಗೆ ಪರೇಲಿನಲ್ಲಿ ಹಳೆಯ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್‌ನವರ ಆಸ್ಪತ್ರೆ ಶುರುವಾಗಿದೆ. ಮರಿಯನ್ನೇ ಅಂಗಡಿಯಿಂದ ತರುವವರಿದ್ದರೆ ಇದೂ ತಿಳಿದಿರಲಿ: 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಅಂಥ ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಅಂತ ಧೈರ್ಯವಾಗಿ ಕೇಳಿ.

ಆ ಕೇಜನ್ನು ನಾವು ಹಾಗೇ ಭಂಗಾರ್‌ವಾಲಾನಿಗೆ, ಅಂದರೆ ಗುಜರಿಯವನಿಗೆ ಕೊಡಲಿಲ್ಲ. ಕೊಟ್ಟರೆ ಮತ್ತೆ ಪೇಂಟ್ ಬಳಿಸಿಕೊಂಡು ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಬ್ಲೀಚಿನಲ್ಲಿ ತೊಳೆದು, ಪಕ್ಕದ ಬಿಲ್ಡಿಂಗಿನ ವೆಲ್ಡರ್ ಹತ್ತಿರ ತುಂಡು ತುಂಡು ಮಾಡಿಸಿ ಆಮೇಲೆ ಕೊಟ್ಟೆವು. ಹಾಸಿಗೆಯನ್ನು ಎರಡು ಕವರಿನಲ್ಲಿ ಕಟ್ಟಿ ಬಿಸಾಡಿದೆವು. ತುಂಡು ಮಾಡಿಸುವ ಮೊದಲು ಹಲ್ಲಿನ ಗುರುತು, ತುಕ್ಕು, ಕೂದಲು ಎಲ್ಲದರ ಫೋಟೋ ತೆಗೆದಿಟ್ಟುಕೊಂಡೆವು.

ಅಂಗಡಿಯವನು ದುಡ್ಡು ವಾಪಸ್ ಕೊಡಲಿಲ್ಲ, ಬಿಲ್ ಎಲ್ಲಿದೆ ಅಂತ ನಮ್ಮನ್ನೇ ಕೇಳಿದ. ನಮ್ಮ ಪುಣ್ಯಕ್ಕೆ ಫೋನಿನಲ್ಲಿ ಪೇಮೆಂಟ್ ಮಾಡಿದ್ದೆವು, ಅದರ ದಾಖಲೆ ಇದೆ. ಪಕ್ಕಾ ಬಿಲ್ ಕೊಡದಿದ್ದರೆ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ಯಾರಿಗಾದರೂ ಹೀಗೆ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಾವು ಫೋಟೋ, ಪೇಮೆಂಟ್ ದಾಖಲೆ, ಡಾಕ್ಟರ ರಿಪೋರ್ಟ್ ಎಲ್ಲಾ ಸೇರಿಸಿ ದೂರು ಕೊಟ್ಟಿದ್ದೇವೆ. ಉತ್ತರ ಬಂದ ಮೇಲೆ ಏನಾಯ್ತು ಅಂತ ಬರೆಯುತ್ತೇನೆ.