ಕೂಸಿನ ಮಂಚಕ್ಕೆ ಮೆತ್ತನೆಯ ಸೆಟ್ಟೋ, ಬರೀ ಗಟ್ಟಿ ಗಾದಿಯೋ?

ಕಲಬುರಗಿಯ ಅಂಗಡಿಗಳಲ್ಲಿ ಕೂಸಿನ ಹಾಸಿಗೆ ಕೇಳಿದರೆ ಮೊದಲು ಹೊರಬರುವುದು ದಿಂಬು, ಲೋಡು, ಸುತ್ತ ಕಟ್ಟುವ ಮೆತ್ತೆಗಳಿರುವ ಬಣ್ಣದ ಸೆಟ್. ಇನ್ನೊಂದು ಆಯ್ಕೆ, ಗಟ್ಟಿ ಗಾದಿ ಮತ್ತು ಬಿಗಿಯಾಗಿ ಕೂರುವ ಹತ್ತಿಯ ಹಾಸು. ನನ್ನ ಮತ ಎರಡನೆಯದಕ್ಕೆ, ಅನುಮಾನವೇ ಇಲ್ಲ.

ಮೆತ್ತನೆಯದು ಮುಟ್ಟಲು ಹಿತ, ನಿಜ. ಆದರೆ ಕೂಸಿನ ಮುಖ ಅದರಲ್ಲಿ ಹೂತುಹೋದರೆ ಉಸಿರು ಕಟ್ಟುತ್ತದೆ. ತಲೆ ಹೊರಳಿಸಿಕೊಳ್ಳುವ ಶಕ್ತಿ ಎಳೆಯ ಕತ್ತಿಗಿರುವುದಿಲ್ಲ. ಕೊಳ್ಳುವ ಮುನ್ನ ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿ. ಕೈ ತೆಗೆದ ಕೂಡಲೇ ಗುಳಿ ಮಾಯವಾಗಬೇಕು. ಗಾದಿಗೂ ಮಂಚದ ಅಂಚಿಗೂ ನಡುವೆ ಎರಡು ಬೆರಳು ತೂರಿದರೆ ಆ ಜೋಡಿ ಬೇಡ. ಮಂಚದ ಪಟ್ಟಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರದಿರಲಿ.

ಸುತ್ತಲಿನ ಮೆತ್ತೆ ತಲೆಗೆ ಪೆಟ್ಟಾಗದಂತೆ ಕಾಯುತ್ತದೆ ಎನ್ನುತ್ತಾರೆ. ಉಸಿರುಕಟ್ಟುವ ಅಪಾಯವಿರುವ ಕಾರಣಕ್ಕೇ ಅಮೆರಿಕ 2022ರಲ್ಲಿ ಇವುಗಳ ಮಾರಾಟವನ್ನು ಕಾನೂನಿನಿಂದ ನಿಷೇಧಿಸಿತು. ಸಾಸಿವೆ ದಿಂಬನ್ನು ಅಜ್ಜಿ ಎಷ್ಟೇ ಅಕ್ಕರೆಯಿಂದ ಹೊಲಿದಿದ್ದರೂ ವರ್ಷ ತುಂಬುವವರೆಗೆ ಮಂಚದೊಳಗೆ ಇಡಬೇಡಿ. ಹೊಲಿಗೆ ಬಿಚ್ಚಿದರೆ ಕಾಳು ಮೂಗಿಗೂ ಹೋದೀತು.

ಕೌದಿಯ ವಿಷಯದಲ್ಲಿ ಮನಸ್ಸು ಒಪ್ಪುವುದು ಕಷ್ಟ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಹೊದಿಕೆಗಿಂತ ತೆಳುವಾದ ಹತ್ತಿ ಅಂಗಿಯೇ ಮೇಲು. ಅತಿಯಾದ ಸೆಕೆಯೂ ಕೂಸಿಗೆ ಅಪಾಯ. ಚಳಿಗಾಲದಲ್ಲಿ ಅಂಗಿಯ ಮೇಲೆ ಇನ್ನೊಂದು ಅಂಗಿ ಹಾಕಿ, ಎದೆ ಮುಟ್ಟಿ ಬೆವರು ನೋಡಿ.

ಸೆಟ್‌ನಲ್ಲಿ ಇಟ್ಟುಕೊಳ್ಳಬೇಕಾದದ್ದು ಸೊಳ್ಳೆಪರದೆ ಮಾತ್ರ. ಬಿಗಿಯಾಗಿ, ದಾರ ಕೈಗೆ ಸಿಗದಂತೆ ಕಟ್ಟಿ. ಮಲಗಿಸುವುದು ಯಾವಾಗಲೂ ಅಂಗಾತ.